ಅಲೆಯ ಹಲಗೆ, ಮಕ್ಕಳ ರಜೆ, ಅಮ್ಮನ ಎಚ್ಚರ

ಏಪ್ರಿಲ್ ಬಂತೆಂದರೆ ಪರೀಕ್ಷೆ ಮುಗಿಸಿದ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಎಂಥ ಕಷ್ಟ ಅನ್ನೋದನ್ನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕಾಲದಲ್ಲಿ ರಜೆ ಅಂದರೆ ಅಜ್ಜಿಯ ಮನೆ. ಹಪ್ಪಳ ಒಣಗಿಸುವುದು, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು, ಕೆರೆಯ ಏರಿ ಮೇಲೆ ಓಡುವುದು, ಇಷ್ಟಕ್ಕೇ ಎರಡು ತಿಂಗಳು ಕಳೆದುಹೋಗುತ್ತಿತ್ತು. ಈಗ ಎಷ್ಟೋ ಮನೆಗಳಲ್ಲಿ ಅಜ್ಜಿಯೇ ಮಕ್ಕಳ ಜೊತೆ ಬೆಂಗಳೂರಿಗೆ ಬಂದಿದ್ದಾರೆ. ನಮ್ಮ ರಾಜಾಜಿನಗರದ ಬೀದಿಯನ್ನೇ ತೆಗೆದುಕೊಳ್ಳಿ. ರಜೆಗೆ ಹೋಗಲು ಹಳ್ಳಿಯಲ್ಲಿ ಮನೆ ಇರುವವರು ಈಗ ಬೆರಳೆಣಿಕೆಯಷ್ಟು.

ಹಾಗಾಗಿ ಮಕ್ಕಳ ಬಾಯಲ್ಲಿ ಈಗ ಹೊಸ ಹೊಸ ಹೆಸರು ಕೇಳುತ್ತೇವೆ. ಟ್ರೆಕ್ಕಿಂಗ್ ಅಂತಾರೆ, ರಾಫ್ಟಿಂಗ್ ಅಂತಾರೆ. ಇತ್ತೀಚೆಗೆ ಬಂದಿರುವುದು ಬಾಡಿಬೋರ್ಡಿಂಗ್. "ಅಮ್ಮಾ, ಸಮುದ್ರದಲ್ಲಿ ಹಲಗೆ ಮೇಲೆ ಮಲಗಿ ಅಲೆ ಜೊತೆ ಜಾರ್ಕೊಂಡು ಬರೋದು" ಎಂದು ನನ್ನ ಮಗಳು ವಿವರಿಸಿದಾಗ, ಕೇಳುವುದಕ್ಕೆ ಬಲು ಚೆಂದವಾಗಿತ್ತು. ಆದರೆ ತಾಯಿಯ ಹೊಟ್ಟೆಯೊಳಗೆ ಏನಾಗುತ್ತದೆ ಅನ್ನೋದು ನಿಮಗೆ ಗೊತ್ತು. ಪಶ್ಚಿಮ ಬೆಂಗಳೂರಿನ ಮಕ್ಕಳು ಕಂಡಿರುವ ದೊಡ್ಡ ನೀರು ಅಂದರೆ ಸ್ಯಾಂಕಿ ಕೆರೆ, ಉಲ್ಲಾಳ ಕೆರೆ, ಅದೂ ಬೇಲಿಯ ಆಚೆಯಿಂದ. ನಿಮ್ಮ ಊರು ತಿಪಟೂರಾಗಲಿ, ಚಿತ್ರದುರ್ಗವಾಗಲಿ, ಗದಗವಾಗಲಿ, ಕಡಲು ನಮಗೆಲ್ಲ ಅಪರಿಚಿತವೇ. ಹಾಗಂತ ಬೇಡ ಎಂದು ಬಾಯಿ ಮುಚ್ಚಿಸಿದರೆ ನಾಳೆ ಅವರು ಸ್ನೇಹಿತರ ಜೊತೆ, ನಮಗೆ ಹೇಳದೆ ಹೋಗುತ್ತಾರೆ. ಅದಕ್ಕಿಂತ ನಾವೇ ತಿಳಿದುಕೊಂಡು, ನಾವೇ ಕರೆದುಕೊಂಡು ಹೋಗುವುದು ಮೇಲು. ಕಳೆದ ಏಪ್ರಿಲ್‌ನಲ್ಲಿ ನಾವು ನಾಲ್ಕು ಜನ, ಜೊತೆಗೆ ನಮ್ಮ ನಾದಿನಿ, ಐದು ದಿನ ಕರಾವಳಿ ಸುತ್ತಿ ಬಂದೆವು. ಅಲ್ಲಿ ಕಂಡದ್ದು, ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಹಲಗೆ ಎಂಥದ್ದು?

ಬಾಡಿಬೋರ್ಡ್ ಅಂದರೆ ನಮ್ಮ ಚಪಾತಿ ಮಣೆಯ ದೊಡ್ಡಣ್ಣ ಅಂದುಕೊಳ್ಳಿ. ಆದರೆ ಮರದ್ದಲ್ಲ, ಹಗುರವಾದ ಫೋಮಿನದು. ನೆಟ್ಟಗೆ ನಿಲ್ಲಿಸಿದರೆ ಬಳಸುವವರ ಹೊಕ್ಕುಳದ ತನಕ ಬಂದರೆ ಅಳತೆ ಸರಿ. ಇದರ ಮೇಲೆ ನಿಲ್ಲುವ ಹಾಗಿಲ್ಲ. ಹೊಟ್ಟೆ ಅಡಿಯಾಗಿ ಮಲಗಬೇಕು. ನಿಂತು ಸವಾರಿ ಮಾಡುವ ಉದ್ದನೆಯ ಹಲಗೆಗೆ ಸರ್ಫ್‌ಬೋರ್ಡ್ ಅನ್ನುತ್ತಾರೆ. ಅದನ್ನು ಕಲಿಯಲು ದಿನಗಟ್ಟಲೆ ಬೇಕು. ಇದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಯಬಹುದು.

ಹವಾಯಿ ದ್ವೀಪಗಳ ಜನ ತಲೆತಲಾಂತರದಿಂದ ಮರದ ಚಿಕ್ಕ ಹಲಗೆಗಳ ಮೇಲೆ ಹೀಗೆ ಮಲಗಿ ಆಡುತ್ತಿದ್ದರಂತೆ. ಅದಕ್ಕೆ 'ಪೈಪೊ' ಎಂದು ಹೆಸರು. ಈಗಿನ ಫೋಮಿನ ಹಲಗೆಯನ್ನು ಅದೇ ಹವಾಯಿಯಲ್ಲಿ ೧೯೭೧ರ ಜುಲೈನಲ್ಲಿ ಮಾಡಿದವನು ಟಾಮ್ ಮೋರೆ ಎಂಬಾತ. ಹೇಗೆ ಮಾಡಿದ ಗೊತ್ತೇ? ಫೋಮಿನ ದೊಡ್ಡ ತುಂಡೊಂದನ್ನು ಕತ್ತರಿಸಿ, ಮೇಲೆ ನ್ಯೂಸ್‌ಪೇಪರ್ ಹಾಸಿ, ಬಟ್ಟೆಯ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ನುಣುಪು ಮಾಡಿದ! ನಾವು ರೇಷ್ಮೆ ಸೀರೆಗೆ ಇಸ್ತ್ರಿ ಮಾಡುವಾಗ ಮೇಲೊಂದು ಬಟ್ಟೆ ಹಾಸುತ್ತೇವಲ್ಲ, ಹಾಗೆ.

ಇದು ಗಂಡುಹುಡುಗರ ಆಟ ಎನ್ನುವವರಿಗೆ ಇನ್ನೊಂದು ಮಾತು. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿಯನ್ನು ನೀವು ಓದಿರಬಹುದು. ಆಕೆ ೧೯೨೨ರಲ್ಲಿ ಗಂಡನ ಜೊತೆ ಪ್ರಪಂಚ ಪ್ರವಾಸ ಹೊರಟಾಗ ದಕ್ಷಿಣ ಆಫ್ರಿಕದ ಕಡಲಲ್ಲಿ ಮರದ ಹಲಗೆಯ ಮೇಲೆ ಮಲಗಿ ಅಲೆ ಹತ್ತುವುದನ್ನು ಕಲಿತರು. ಅದೇ ಪ್ರವಾಸದಲ್ಲಿ ಮುಂದೆ ಹವಾಯಿಯಲ್ಲಿ ಹಲಗೆಯ ಮೇಲೆ ಎದ್ದು ನಿಂತೂ ಬಿಟ್ಟರು. ಆಗ ಆಕೆಗೆ ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು.

ನಮ್ಮ ನಾಡಿನಲ್ಲಿ ಇದು ಎಲ್ಲಿಂದ ಬಂತು?

ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯಿಂದ. ಸ್ವಾಮಿ ನರಸಿಂಘ ಎಂದು ಹೆಸರಾದ ಜಾಕ್ ಹೆಬ್ನರ್ ಎಂಬ ಅಮೆರಿಕದ ಸನ್ಯಾಸಿ ೨೦೦೪ರಲ್ಲಿ ಇಲ್ಲಿನ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. 'ಸರ್ಫಿಂಗ್ ಸ್ವಾಮಿ' ಎಂದೇ ಪತ್ರಿಕೆಗಳು ಅವರನ್ನು ಕರೆದವು. ೨೦೧೧ರಲ್ಲಿ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಹುಟ್ಟಿದ್ದೂ ಮೂಲ್ಕಿಯ ನಂಟಿನಿಂದಲೇ. ೨೦೧೬ರ ಮೇ ಕೊನೆಯಲ್ಲಿ ಪಕ್ಕದ ಸಸಿಹಿತ್ಲು ಕಡಲ ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಮುಂಬೈಯಿಂದ ಮಣಿಪಾಲಕ್ಕೆ ಓದಲು ಬಂದಿದ್ದ ಇಶಿತಾ ಮಾಳವೀಯ ೨೦೦೭ರಲ್ಲಿ ಅಲೆ ಹಲಗೆ ಹಿಡಿದರು. ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಅವರನ್ನು ಗುರುತಿಸುತ್ತಾರೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಸ್ನೇಹಿತ ತುಷಾರ್ ಪಥಿಯಾನ್ ಜೊತೆ ಅವರು ಕಟ್ಟಿದ ಶಾಖಾ ಸರ್ಫ್ ಕ್ಲಬ್ಬು ಊರಿಗೇ ಹೆಸರು ತಂದಿತು. ನಿಂತು ಹುಟ್ಟು ಹಾಕುವ ಪ್ಯಾಡಲ್ ಆಟದಲ್ಲಿ ದೇಶವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ಕೂಡ ನಮ್ಮ ಕರಾವಳಿಯ ಹುಡುಗಿಯೇ.

ಯಾವ ತಿಂಗಳು ಒಳ್ಳೆಯದು?

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ದೊಡ್ಡ ಸ್ಪರ್ಧೆಯನ್ನು ಮೇ ಕೊನೆಯಲ್ಲಿ ಏಕಿಟ್ಟರು? ಮಳೆಗಾಲ ಹತ್ತಿರವಾದಂತೆ ಅಲೆಗಳು ದೊಡ್ಡದಾಗುತ್ತವೆ, ಅದಕ್ಕೆ. ಪಳಗಿದವರಿಗೆ ಯಾವುದು ಹಬ್ಬವೋ ಹೊಸಬರಿಗೆ ಅದೇ ಗಂಡಾಂತರ. ಹಾಗಾಗಿ ನಮ್ಮಂಥವರು ಏಪ್ರಿಲ್‌ನಲ್ಲೇ ಹೋಗಿ ಬಂದುಬಿಡುವುದು ಜಾಣತನ. ಮೇ ಎರಡನೇ ವಾರ ದಾಟಿದ ಮೇಲೆ ಮಕ್ಕಳನ್ನು ಅಲೆಗೆ ಬಿಡುವ ಮಾತೇ ಬೇಡ. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಕರಾವಳಿ ಮುಟ್ಟುತ್ತದೆ. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಂತ್ರದ ದೋಣಿಗಳೇ ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕಾಗಿ ಇರುವ ನಿಷೇಧ ಅದು, ಆದರೆ ಕಡಲಿನ ಆರ್ಭಟವೂ ಅದೇ ಕಾಲದ್ದು. ಕಡಲನ್ನೇ ನಂಬಿ ಬದುಕುವವರು ಇಳಿಯದ ನೀರಿಗೆ ಬೆಂಗಳೂರಿನ ನಾವು ಇಳಿಯುವುದುಂಟೇ?

ಇನ್ನೊಂದು ವಿಚಾರ ಕೇಳಿದರೆ ಆಶ್ಚರ್ಯಪಡುತ್ತೀರಿ. ಮಳೆ ಇಲ್ಲ, ಗಾಳಿ ಇಲ್ಲ, ಆಕಾಶ ಕನ್ನಡಿಯ ಹಾಗಿದೆ, ಆದರೂ ಒಮ್ಮೊಮ್ಮೆ ಕಡಲು ಇದ್ದಕ್ಕಿದ್ದ ಹಾಗೆ ಉಕ್ಕಿ ದಂಡೆಗೆ ನುಗ್ಗುತ್ತದೆ. ಇದಕ್ಕೆ ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಸಾವಿರಾರು ಮೈಲಿ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡ ಮುಟ್ಟುವುದರಿಂದ ಹೀಗಾಗುತ್ತದೆ. ಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲೇ ಇದು ಹೆಚ್ಚು. ೨೦೨೪ರ ಮೇ ತಿಂಗಳಲ್ಲಿ ಇಂಥ ಎಚ್ಚರಿಕೆ ಜಾರಿಯಲ್ಲಿದ್ದಾಗಲೇ ಕನ್ಯಾಕುಮಾರಿ ಜಿಲ್ಲೆಯಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಅಲೆಗಳ ಬಗ್ಗೆ ಮುನ್ಸೂಚನೆ ಕೊಡುತ್ತದೆ. ಪತ್ರಿಕೆಯಲ್ಲಿ, ಟಿವಿಯಲ್ಲಿ, ಫೋನಿನಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ದಿನ, ಹಾಗೂ ಅಲ್ಲಿ ಪ್ರತಿ ಬೆಳಿಗ್ಗೆ ಅದನ್ನು ನೋಡಿಕೊಳ್ಳುವ ಕೆಲಸವನ್ನು ಮಕ್ಕಳಿಗೇ ವಹಿಸಿಬಿಡಿ. ಹೇಗೂ ಫೋನ್ ಅವರ ಕೈಯಲ್ಲೇ ಇರುತ್ತದಲ್ಲ!

ಯಾವ ತೀರಕ್ಕೆ ಹೋಗೋಣ?

ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಎಂಬ ರಾತ್ರಿ ರೈಲು ೨೦೨೦ರಲ್ಲಿ ಶುರುವಾಯಿತು. ರಾಜಾಜಿನಗರ, ಬಸವೇಶ್ವರನಗರದವರಿಗೆ ಯಶವಂತಪುರ ನಿಲ್ದಾಣ ಕೂಗಳತೆ. ತಿಪಟೂರು, ಅರಸೀಕೆರೆಯವರು ಹಾಸನಕ್ಕೆ ಬಂದು ಹತ್ತಬಹುದು. ಹುಬ್ಬಳ್ಳಿ, ಧಾರವಾಡದವರಿಗೆ ಯಲ್ಲಾಪುರದ ಮೇಲೆ ಅಂಕೋಲೆಗೆ ಬಸ್ಸಿನ ದಾರಿಯೇ ಹತ್ತಿರ. ರಜೆಯಲ್ಲಿ ರೈಲಿನ ಟಿಕೆಟ್ಟಿಗೆ ನೂಕುನುಗ್ಗಲು. ಯುಗಾದಿಯ ಹೊತ್ತಿಗೇ ಕಾದಿರಿಸಿಬಿಡಿ.

ಮಕ್ಕಳ ಜೊತೆ ಮೊದಲ ಸಲ ಹೋಗುವವರಿಗೆ ಪಡುಬಿದ್ರಿ ಒಳ್ಳೆಯದು. ೨೦೨೦ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 'ಬ್ಲೂ ಫ್ಲ್ಯಾಗ್' ಎಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಡೆನ್ಮಾರ್ಕಿನಲ್ಲಿರುವ ಸಂಸ್ಥೆಯೊಂದು ಕೊಡುವ ಬಾವುಟ ಇದು. ನೀರು ಶುದ್ಧವಾಗಿರಬೇಕು, ಜೀವರಕ್ಷಕರಿರಬೇಕು, ಶೌಚಾಲಯ ಇರಬೇಕು ಎಂದೆಲ್ಲ ನಿಯಮ ಉಂಟು. ಹೆಣ್ಣುಮಕ್ಕಳಿಗೆ ಸ್ನಾನಕ್ಕೆ, ಬಟ್ಟೆ ಬದಲಿಸುವುದಕ್ಕೆ ಮರೆ ಇದೆ ಅಂದರೆ ಅರ್ಧ ಚಿಂತೆ ಕಳೆದ ಹಾಗೆ ಅಲ್ಲವೇ? ಈ ಬಾವುಟ ಶಾಶ್ವತವಲ್ಲ, ವರ್ಷ ವರ್ಷ ಪರೀಕ್ಷೆ ಮಾಡಿ ಕೊಡುತ್ತಾರೆ. ಹೋಗುವ ವರ್ಷವೂ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಕಾಪುವಿನಲ್ಲಿ ೧೯೦೧ರ ದೀಪಸ್ತಂಭ ಇದೆ. ನೋಡಲು ಬಲು ಸೊಗಸು. ಆದರೆ ಸುತ್ತ ಬಂಡೆಗಳು. ಹಲಗೆ ಹಿಡಿದು ಆಡಲು ಬಂಡೆ ಇರುವ ಜಾಗ ಸಲ್ಲದು. ಉಳ್ಳಾಲದ ಸೋಮೇಶ್ವರವೂ ಹಾಗೆಯೇ, ದೇವರ ದರ್ಶನ ಮಾಡಿ, ಬಂಡೆಯ ಕಡೆ ಹೋಗದೆ ಬನ್ನಿ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಕಣ್ಣಿಗೆ ಹಬ್ಬ, ಆದರೆ ಕಾಲಿಗೆ ಅಲ್ಲ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುತ್ತವೆ. ನದಿ ಸೇರುವ ಅಳಿವೆಯ ಬಾಯಲ್ಲಿ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ನೀರು ಹೊರಗೆ ಜೋರಾಗಿ ಎಳೆಯುತ್ತದೆ. ತರಬೇತಿ ಕೊಡುವವರು ಜೊತೆಗಿಲ್ಲದೆ ಅಂಥ ಕಡೆ ಇಳಿಯಲೇಬೇಡಿ.

ಮುರುಡೇಶ್ವರದ ವಿಷಯ ಬರೆಯುವಾಗ ಕೈ ತಡೆಯುತ್ತದೆ. ೨೦೨೪ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಅಲ್ಲಿ ನೀರುಪಾಲಾದರು. ಮಳೆಗಾಲವಲ್ಲ, ಚಂಡಮಾರುತವಲ್ಲ. ಕೋಲಾರದ ಮಕ್ಕಳು ಕಡಲನ್ನು ಎಲ್ಲಿ ಕಂಡಿರುತ್ತಾರೆ ಹೇಳಿ? ನಮ್ಮ ಮಕ್ಕಳೂ ಅಷ್ಟೇ. ಕಡಲಿನ ಗುಣ ಗೊತ್ತಿಲ್ಲದಿರುವುದೇ ದೊಡ್ಡ ಅಪಾಯ.

ಶಾಂತವಾಗಿ ಕಾಣುವ ನೀರು

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಈ ಭಾಗವನ್ನು ಮರೆಯಬೇಡಿ.

ಉಡುಪಿ ಜಿಲ್ಲೆಯ ಒಂದು ಚಿಕ್ಕ ಊರಿನಲ್ಲಿ ನಾವು ಬೆಳಿಗ್ಗೆ ದಂಡೆಗೆ ಹೋದೆವು. ಎಡಗಡೆಯೂ ಬಲಗಡೆಯೂ ಬಿಳಿ ನೊರೆ ಎದ್ದು ಅಲೆ ಮುರಿಯುತ್ತಿತ್ತು. ಮಧ್ಯದಲ್ಲಿ ಒಂದು ಹತ್ತು ಹದಿನೈದು ಅಡಿ ಅಗಲದ ಜಾಗ ಮಾತ್ರ ಕೆರೆಯ ಹಾಗೆ ಸಮತಟ್ಟು. ಅಲೆಯೇ ಇಲ್ಲ. "ಅಲ್ಲೇ ಇಳಿಯೋಣ, ಅದೇ ವಾಸಿ" ಎಂದು ನಮ್ಮ ನಾದಿನಿ ಹೇಳುತ್ತಿದ್ದಳು. ಅಷ್ಟರಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು, ಅರವತ್ತರ ಹತ್ತಿರದವಳು, ಬುಟ್ಟಿ ಕೆಳಗಿಟ್ಟು ಬಂದಳು. "ಆ ಬದಿ ಇಳಿಯುವುದು ಬೇಡ ಮಾರಾಯ್ರೆ. ಅಲ್ಲಿ ನೀರು ಹೊರಗೆ ಹೋಗ್ತದೆ" ಅಂದಳು. ಒಂದು ಒಣಗಿದ ತೆಂಗಿನ ಸಿಪ್ಪೆ ಹೆಕ್ಕಿ ಆ ಸಮತಟ್ಟು ನೀರಿಗೆ ಎಸೆದಳು. ನಾವು ನೋಡುತ್ತಿದ್ದ ಹಾಗೇ ಅದು ದಡಕ್ಕೆ ಬರುವ ಬದಲು ಒಳಕಡಲಿನ ಕಡೆಗೆ ಸರಸರ ಹೋಯಿತು. ಮಕ್ಕಳ ಮುಖ ನೋಡಬೇಕಿತ್ತು! ನೂರು ಸಲ ನಾನು ಹೇಳಿದ್ದರೂ ಅವರ ತಲೆಗೆ ಹೋಗದ ಪಾಠ ಒಂದು ತೆಂಗಿನ ಸಿಪ್ಪೆಯಿಂದ ಹೋಯಿತು.

ಇದಕ್ಕೆ ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುತ್ತಾರೆ. ನಾವು ಸೆಳೆತ ಎನ್ನೋಣ. ಅಲೆಗಳು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವಲ್ಲ, ಆ ನೀರು ವಾಪಸ್ಸು ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಕಾಲುವೆ ಮಾಡಿಕೊಂಡು ಹೊರಗೆ ಹರಿಯುತ್ತದೆ. ಅಂಗಳ ತೊಳೆದ ನೀರು ಮೋರಿಯ ಕಡೆ ಸೇರಿ ಹರಿಯುವುದಿಲ್ಲವೇ, ಅದೇ ಲೆಕ್ಕ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಮುರಿಯುವುದಿಲ್ಲ. ಆದ್ದರಿಂದಲೇ ಶಾಂತವಾಗಿ ಕಾಣುತ್ತದೆ. ಕೆಲವೊಮ್ಮೆ ಅಲ್ಲಿನ ನೀರು ಮಣ್ಣು ಬಣ್ಣಕ್ಕಿರುತ್ತದೆ, ನೊರೆ, ಕಸ ಒಳಕಡಲಿಗೆ ಸಾಗುತ್ತಿರುತ್ತದೆ. ಜೋರಿದ್ದಾಗ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗ ಬರಬಹುದು. ಯಾವ ಈಜುಗಾರನೂ ಅದಕ್ಕೆ ಎದುರಾಗಿ ಗೆಲ್ಲಲಾರ.

ಸೆಳೆತಕ್ಕೆ ಸಿಕ್ಕರೆ ಮಾಡಬೇಕಾದ್ದು:

೧. ದಡದ ಕಡೆಗೆ ನೇರವಾಗಿ ಈಜಬಾರದು. ಸುಸ್ತಾಗಿ ಮುಳುಗುವುದು ಅದರಿಂದಲೇ.

೨. ಸೆಳೆತ ಹೊರಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

೩. ಹಲಗೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಅದು ತೇಲುತ್ತದೆ, ಹಿಡಿದವರನ್ನೂ ತೇಲಿಸುತ್ತದೆ. ಒಂದು ಕೈ ಮೇಲೆತ್ತಿ ಬೀಸಬೇಕು, ಕೂಗಬೇಕು.

೪. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ, ಕಾಲು ಬಡಿಯುತ್ತ ಹೋಗಬೇಕು. ಬಿಳಿ ನೊರೆ ಇರುವ ಕಡೆ ಸಿಕ್ಕಿದ ಮೇಲೆ ಅಲೆಯ ಜೊತೆ ದಡಕ್ಕೆ ಬರಬಹುದು.

೫. ದಡದಲ್ಲಿರುವವರು ಹಿಂದೆ ಮುಂದೆ ನೋಡದೆ ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿ ನಾವು ಎಷ್ಟು ಓದಿಲ್ಲ? ತೇಲುವ ವಸ್ತು ಎಸೆಯಿರಿ, ಹಗ್ಗ ಎಸೆಯಿರಿ, ಜೀವರಕ್ಷಕರನ್ನು ಕೂಗಿ. ೧೧೨ಕ್ಕೆ ಫೋನ್ ಮಾಡಿ. ಕೋಸ್ಟ್ ಗಾರ್ಡ್‌ನ ಸಂಖ್ಯೆ ೧೫೫೪.

ನೀರಿನಿಂದ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹಳೆಯ ಪದ್ಧತಿ. ಅದನ್ನು ಮಾಡಬಾರದು ಎಂದು ವೈದ್ಯರು ಹೇಳುತ್ತಾರೆ. ಉಸಿರಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆ ಒತ್ತುವ ಕ್ರಮ ಗೊತ್ತಿರುವವರು ತಕ್ಷಣ ಶುರುಮಾಡಬೇಕು. ನೀರು ಕುಡಿದ ಮಗು ಎದ್ದು ಕುಳಿತು ನಕ್ಕರೂ, ಆಮೇಲೆ ಕೆಮ್ಮು ಬಿಡದಿದ್ದರೆ, ಮೇಲುಸಿರು ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.

ಹಲಗೆ ಹಿಡಿಯುವ ಕ್ರಮ

ನಮ್ಮ ಮಕ್ಕಳಿಗೆ ಕಲಿಸಿದ ಹುಡುಗ ಮೀನುಗಾರರ ಮನೆಯವನು. ಮೊದಲ ಅರ್ಧ ಗಂಟೆ ನೀರಿಗೇ ಬಿಡಲಿಲ್ಲ. ಮರಳಿನ ಮೇಲೆ ಹಲಗೆ ಇಟ್ಟು ಮಲಗುವುದು, ಏಳುವುದು ಮಾಡಿಸಿದ. ಕಲಿಸುವವರು ಹೀಗೆ ಮಾಡಿದರೆ ಅವರನ್ನು ನಂಬಬಹುದು. ದುಡ್ಡು ಇಸಿದುಕೊಂಡು ಹಲಗೆ ಕೈಗಿತ್ತು ಹೋಗಿ ಅನ್ನುವವರ ಹತ್ತಿರ ತೆಗೆದುಕೊಳ್ಳಬೇಡಿ.

ಕ್ರಮ ಇಷ್ಟು. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹಲಗೆಯ ಹಗ್ಗವನ್ನು ಮಣಿಕಟ್ಟಿಗೆ ಅಥವಾ ತೋಳಿಗೆ ಕಟ್ಟಿಕೊಳ್ಳಬೇಕು. ಅಲೆ ಬರುವಾಗ ಹಲಗೆಯನ್ನು ಹೊಟ್ಟೆಗೆ ಅಡ್ಡ ಹಿಡಿಯಬಾರದು, ಅಲೆ ಅದನ್ನು ಮುಖಕ್ಕೆ ಬಡಿಯುತ್ತದೆ. ಪಕ್ಕದಲ್ಲಿ ಹಿಡಿಯಬೇಕು. ಮುರಿದ ಬಿಳಿ ನೊರೆ ಹತ್ತಿರ ಬರುತ್ತಿದ್ದಂತೆ ದಡದ ಕಡೆ ಮುಖಮಾಡಿ ಹಲಗೆಯ ಮೇಲೆ ಮಲಗಿ, ಎರಡು ಕೈಯಿಂದ ಮುಂದಿನ ಅಂಚು ಹಿಡಿದು, ಗದ್ದ ಎತ್ತಿ, ಕಾಲು ಬಡಿದರೆ ಸಾಕು. ಉಳಿದದ್ದನ್ನು ಅಲೆ ನೋಡಿಕೊಳ್ಳುತ್ತದೆ. ಭಾರ ಮುಂದಕ್ಕೆ ಬಿದ್ದರೆ ಹಲಗೆಯ ಮೂಗು ನೀರಿಗೆ ಚುಚ್ಚಿ ಪಲ್ಟಿ ಹೊಡೆಯುತ್ತದೆ.

ಒಂದು ಬಗೆಯ ತೀರ ಮಾತ್ರ ಬೇಡವೇ ಬೇಡ. ದಂಡೆ ಕಡಿದಾಗಿದ್ದು, ಅಲೆ ನೇರವಾಗಿ ಮರಳಿನ ಮೇಲೇ ಧಡ್ ಎಂದು ಬೀಳುವ ಜಾಗ. ಅಲ್ಲಿ ತಲೆ ಅಡಿಯಾಗಿ ಬಿದ್ದರೆ ಕುತ್ತಿಗೆಗೆ ಪೆಟ್ಟು. ದೂರದವರೆಗೂ ಮೊಳಕಾಲುದ್ದ ನೀರಿದ್ದು, ಅಲೆ ಮೆಲ್ಲಗೆ ಉರುಳಿ ಬರುವ ತೀರವೇ ಹೊಸಬರಿಗೆ ಸರಿ. ಹಲಗೆ ಇದೆ ಎಂದು ಈಜು ಬಾರದ ಮಕ್ಕಳನ್ನು ಆಳಕ್ಕೆ ಬಿಡಬಾರದು. ಲೈಫ್ ಜಾಕೆಟ್ ಕಡ್ಡಾಯ. ಮಾರ್ಚ್‌ನಲ್ಲೇ ನಿಮ್ಮ ಊರಿನ ಈಜುಕೊಳಕ್ಕೆ ಸೇರಿಸಿ ತೇಲುವುದನ್ನಾದರೂ ಕಲಿಸಿ. ತೀರದಲ್ಲಿ ಕೆಂಪು ಹಳದಿ ಎರಡೂ ಬಣ್ಣದ ಬಾವುಟಗಳಿದ್ದರೆ ಅವುಗಳ ನಡುವೆಯೇ ಆಡಬೇಕು, ಜೀವರಕ್ಷಕರ ಕಣ್ಣು ಅಲ್ಲಿರುತ್ತದೆ. ಬರೀ ಕೆಂಪು ಬಾವುಟ ಕಂಡರೆ ಆ ದಿನ ಮರಳಿನಲ್ಲಿ ಮನೆ ಕಟ್ಟಿ ವಾಪಸ್ಸು ಬನ್ನಿ.

ಬಟ್ಟೆಬರೆ, ಬಿಸಿಲು

ಸೀರೆ, ದುಪ್ಪಟ್ಟ, ಜೀನ್ಸ್ ಮೂರೂ ನೀರಿನಲ್ಲಿ ಶತ್ರುಗಳು. ನೆನೆದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈಗೆ ಅಂಟಿದ ಹಾಗಿರುವ ಉದ್ದ ತೋಳಿನ ಈಜುಡುಗೆ ಸಿಗುತ್ತದೆ. ಮೊಳಕಾಲಿನ ಕೆಳಗೆ ಬರುವ ಲೆಗ್ಗಿಂಗ್ಸ್ ಜೊತೆ ಹಾಕಿದರೆ ಮೈಯೂ ಮುಚ್ಚುತ್ತದೆ, ಹಲಗೆ ಉಜ್ಜಿ ಚರ್ಮ ಕೆಂಪಾಗುವುದೂ ತಪ್ಪುತ್ತದೆ. ಬಳೆ, ಕಿವಿಯೋಲೆ, ಸರ ರೂಮಿನಲ್ಲೇ ಇರಲಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರ ಮೇಲೆ, ಇಷ್ಟೇ ಹೊತ್ತು ಆಟ. ಕತ್ತಲಾಗುವ ಮೊದಲೇ ನೀರಿನಿಂದ ಮೇಲೆ ಬರಬೇಕು. ಲೋಳೆ ಮೀನು ಮುಟ್ಟಿ ಉರಿ ಬಂದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಿನಿಂದಲೇ ತೊಳೆದು, ಆಮೇಲೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಇರಿಸಿ. ಮೈಯೆಲ್ಲ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ವೈದ್ಯರ ಹತ್ತಿರ ಓಡಿ.

ಚಪ್ಪಲಿ ಕಾಯುವ ಕೆಲಸ

ಸೋದರಿಯರೇ, ಇದೊಂದು ಮಾತು ಹೇಳಲೇಬೇಕು. ಯಾವ ಕಡಲ ತೀರಕ್ಕೆ ಹೋದರೂ ಗಂಡಸರು, ಮಕ್ಕಳು ನೀರಿನಲ್ಲಿ. ಹೆಂಗಸರು ಮರಳಿನ ಮೇಲೆ ಕೂತು ಚಪ್ಪಲಿ, ಫೋನು, ಕನ್ನಡಕ, ಟವೆಲ್ಲು ಕಾಯುತ್ತಿರುತ್ತಾರೆ. ಪ್ರವಾಸ ಮುಗಿದ ಮೇಲೆ ಎಲ್ಲರೂ "ಎಷ್ಟು ಮಜವಾಗಿತ್ತು" ಅಂದಾಗ ನಾವೂ ಹೂಂಗುಟ್ಟುತ್ತೇವೆ. ನಮಗಾದ ಮಜ ಏನು ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಕಾಯುವುದು ಬೇಕಾದ ಕೆಲಸವೇ. ನೀರಿನಲ್ಲಿರುವ ಮಕ್ಕಳ ಮೇಲೆ ಒಬ್ಬ ದೊಡ್ಡವರ ಕಣ್ಣು, ಫೋನು ನೋಡದೆ, ಹರಟೆ ಹೊಡೆಯದೆ, ಇರಲೇಬೇಕು. ಆದರೆ ಅದು ಚಪ್ಪಲಿ ಕಾಯುವುದಕ್ಕಿಂತ ದೊಡ್ಡ ಕೆಲಸ, ಅದನ್ನು ಸರದಿಯಲ್ಲಿ ಮಾಡಬೇಕು. ನಮ್ಮ ಮನೆಯಲ್ಲಿ ಅರ್ಧರ್ಧ ಗಂಟೆಯ ಪಾಳಿ ಮಾಡಿಕೊಂಡೆವು. ಯಜಮಾನರು ದಡದಲ್ಲಿ ಕೂತು ತಲೆ ಎಣಿಸುವ ಪಾಳಿಯಲ್ಲಿ ನಾನೂ ನಾದಿನಿಯೂ ನೀರಿಗೆ ಇಳಿದೆವು. ನನಗೆ ಈಜು ಬರುವುದಿಲ್ಲ. ಮೊಳಕಾಲುದ್ದದ ನೀರು, ಲೈಫ್ ಜಾಕೆಟ್, ಪಕ್ಕದಲ್ಲಿ ಕಲಿಸುವ ಹುಡುಗ. "ಮಲಗಿ ಆಂಟಿ, ಈಗ, ಈಗ" ಅಂದ. ಹಿಂದಿನಿಂದ ನೊರೆ ಬಂದು ತಳ್ಳಿತು ನೋಡಿ, ನಲವತ್ತಾರು ವರ್ಷದ ಈ ದೇಹ ಹತ್ತಿಯ ಹಾಗೆ ಹಗುರಾಗಿ ದಡದವರೆಗೂ ಹೋಗಿ ಮರಳಿನ ಮೇಲೆ ನಿಂತಿತು. ಹದಿನೈದು ಅಡಿ ಇದ್ದಿರಬಹುದು. ಮಗಳು ಚಪ್ಪಾಳೆ ತಟ್ಟಿದಳು. ಮಗ ಫೋಟೋ ತೆಗೆಯಲು ಮರೆತ. ಬಿಡಿ, ನನಗೆ ನೆನಪಿದೆಯಲ್ಲ, ಸಾಕು.

ಆಮೇಲೆ ಇನ್ನೂ ಏಳು ಸಲ ಹೋದೆ. ಲೆಕ್ಕ ಇಟ್ಟದ್ದು ನಮ್ಮ ಯಜಮಾನರೇ.

ಬುತ್ತಿಗೆ ಒಂದು ಸುಲಭದ ತಿಂಡಿ

ಅಲೆಯಿಂದ ಬಂದ ಮಕ್ಕಳಿಗೆ ಹೊಟ್ಟೆಯಲ್ಲಿ ಹುಲಿ ಹೊಕ್ಕಿರುತ್ತದೆ. ಪಕ್ಕದಲ್ಲಿ ಹೋಟೆಲು ಇಲ್ಲದ ತೀರಗಳೇ ಚೆನ್ನಾಗಿರುವುದರಿಂದ ನಾನು ಗೊಜ್ಜವಲಕ್ಕಿಯ ಸಾಮಗ್ರಿ ಕಟ್ಟಿಕೊಂಡು ಹೋಗಿದ್ದೆ.

ಎರಡು ಬಟ್ಟಲು ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ದಪ್ಪ ರವೆಯ ಹಾಗೆ ಒಡೆದು ಡಬ್ಬಿಗೆ ಹಾಕಿ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಎರಡು ಚಮಚ ಸಾರಿನ ಪುಡಿ, ಒಂದು ಅಚ್ಚು ಬೆಲ್ಲ, ಉಪ್ಪು, ಅರಿಶಿನ ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಾಕಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಕರಿಬೇವು, ಇಂಗು ಒಗ್ಗರಣೆ ಮಾಡಿ ಗೊಜ್ಜಿಗೆ ಸೇರಿಸಿ. ಆರಿದ ಮೇಲೆ ಒಣ ಬಾಟಲಿಗೆ ತುಂಬಿ. ಒಣಕೊಬ್ಬರಿ ತುರಿಯನ್ನು ಬೇರೆ ಇಟ್ಟುಕೊಳ್ಳಿ. ತಿನ್ನುವ ಹೊತ್ತಿಗೆ ಅವಲಕ್ಕಿ ನೆನೆಯುವಷ್ಟು ಮಾತ್ರ ಬಿಸಿನೀರು ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಟ್ಟು, ಗೊಜ್ಜು, ಕೊಬ್ಬರಿ ಬೆರೆಸಿದರೆ ಆಯಿತು. ಒಲೆ ಬೇಡ, ಗ್ಯಾಸ್ ಬೇಡ. ಆಟಕ್ಕೆ ಮೊದಲು ಮಾತ್ರ ಹೊಟ್ಟೆ ತುಂಬ ಕೊಡಬೇಡಿ, ಒಂದು ಬಾಳೆಹಣ್ಣು ಸಾಕು. ಬಿಸಿಲಿಗೆ ನಿಂಬೆಹಣ್ಣಿನ ಪಾನಕ, ಎಳನೀರು ಧಾರಾಳವಾಗಿ ಇರಲಿ.

ಹೊರಡುವ ಮೊದಲು ಕೇಳಬೇಕಾದ ಐದು ಪ್ರಶ್ನೆ

ಇವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಈ ತೀರದಲ್ಲಿ ಜೀವರಕ್ಷಕರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ? ಕಲಿಸುವವರು ತರಬೇತಿ ಪಡೆದವರೇ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು? ಲೈಫ್ ಜಾಕೆಟ್ ನಮ್ಮ ಮಗುವಿನ ಅಳತೆಯದು ಇದೆಯೇ? ಇವತ್ತು ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಇಲ್ಲಿ ಎಲ್ಲಿ ಇಳಿಯಬಾರದು? ಈ ಕೊನೆಯ ಪ್ರಶ್ನೆಯನ್ನು ಬಾಡಿಗೆ ಕೊಡುವವರ ಹತ್ತಿರ ಕೇಳಬೇಡಿ. ಬಲೆ ಹೆಣೆಯುವವರನ್ನು, ಮೀನು ಒಣಹಾಕುವ ಹೆಂಗಸರನ್ನು ಕೇಳಿ. ಅವರಿಗೆ ನಿಮ್ಮಿಂದ ಒಂದು ಕಾಸೂ ಬೇಡ, ಆದ್ದರಿಂದ ನಿಜ ಹೇಳುತ್ತಾರೆ.

ಈ ಸಲ ರಜೆಗೆ ಕಡಲಿಗೆ ಹೋಗುವಿರಾದರೆ ಎಚ್ಚರವಾಗಿ ಹೋಗಿ, ಸಂತೋಷವಾಗಿ ಬನ್ನಿ. ಚಪ್ಪಲಿಗಳನ್ನು ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿಡಿ. ಯಾರೂ ಕದಿಯುವುದಿಲ್ಲ.